ತುಮಕೂರಿನಿಂದ ಕೋಲಾರಕ್ಕೆ ಯುಯುಸಿಪಿ: ಕರೆ ಎಲ್ಲಿ ನಿಂತಿತು ಅಂತ ಹುಡುಕುವುದು

1994ರ ಮಾತು. ತುಮಕೂರಿನ ಮಂಡಿಪೇಟೆಯಲ್ಲಿ ಹುಣಸೆಹಣ್ಣು, ಬೇಳೆಯ ಸಗಟು ವ್ಯಾಪಾರದ ಒಂದು ಆಫೀಸು. ಅಲ್ಲಿ ಒಂದು 386 ಕಂಪ್ಯೂಟರ್, ಅದನ್ನು ನಡೆಸುವ ಕಾರ್ಯವ್ಯವಸ್ಥೆ ಎಸ್‌ಸಿಒ ಕಂಪನಿಯ ಯುನಿಕ್ಸ್. ಕೋಲಾರದ ಶಾಖೆಯಲ್ಲೂ ಅಂಥದ್ದೇ ಇನ್ನೊಂದು. ನಡುವೆ ಎರಡು 9600ರ ಮೋಡೆಮ್ (ಕಂಪ್ಯೂಟರಿನ ಮಾತನ್ನು ಫೋನಿನ ಸದ್ದಾಗಿಸುವ ಪೆಟ್ಟಿಗೆ; 9600 ಅಂದರೆ ಸೆಕೆಂಡಿಗೆ ಅಷ್ಟು ಬಿಟ್), ಎರಡು ಫೋನ್ ಲೈನ್. ಆಗ ರಾತ್ರಿ ಹನ್ನೊಂದರ ಮೇಲೆ ಎಸ್‌ಟಿಡಿ, ಅಂದರೆ ಬೇರೆ ಊರಿನ ಕರೆ, ಕಾಲು ರೇಟು, ಅಲ್ವಾ? ಆ ಹೊತ್ತಿಗೆ ತುಮಕೂರಿನ ಯಂತ್ರ ತಾನಾಗಿಯೇ ಕೋಲಾರಕ್ಕೆ ಫೋನ್ ಮಾಡಿ ದಿನದ ಲೆಕ್ಕ ಒಪ್ಪಿಸಬೇಕು. ಎರಡು ಸಾಲಿನ ಮೇಲ್ ಸಲೀಸಾಗಿ ಹೋಗುತ್ತಿತ್ತು. ಲೆಕ್ಕದ ಫೈಲ್ ಮಾತ್ರ ಅರ್ಧಕ್ಕೆ ನಿಲ್ಲುತ್ತಿತ್ತು. ಫೋನ್ ಬಿಲ್ ಏರುತ್ತಿತ್ತು, ಲೆಕ್ಕ ಮಾರನೇ ದಿನ ಬಸ್ಸಿನಲ್ಲಿ ಫ್ಲಾಪಿಯಾಗಿ ಹೋಗುತ್ತಿತ್ತು.

ಆ ದೋಷ ಹಿಡಿಯಲು ನನಗೆ ಮೂರು ರಾತ್ರಿ ಬೇಕಾಯಿತು. ಅದನ್ನು ಹುಡುಕುವಾಗ ದಾರಿಯಲ್ಲಿ ಸಿಕ್ಕ ಬೇರೆ ದೋಷಗಳನ್ನೂ ಸೇರಿಸಿ ಬರೆಯುತ್ತಿದ್ದೇನೆ. ಹಳೇ ಯಂತ್ರಗಳನ್ನು ಮತ್ತೆ ಎಬ್ಬಿಸಿ ಕೂರಿಸುವವರು ಈಗ ಜಾಸ್ತಿಯಾಗಿದ್ದಾರೆ. ಅವರಿಗೆ ಉಪಯೋಗಕ್ಕೆ ಬರಬಹುದು.

ಯುಯುಸಿಪಿ ಅಂದರೆ ಒಂದು ಯುನಿಕ್ಸ್‌ನಿಂದ ಇನ್ನೊಂದು ಯುನಿಕ್ಸ್‌ಗೆ ಫೈಲ್ ಸಾಗಿಸುವ ವ್ಯವಸ್ಥೆ. ಬೆಲ್ ಲ್ಯಾಬ್ಸ್‌ನ ಮೈಕ್ ಲೆಸ್ಕ್ 1976ರಲ್ಲಿ ಬರೆದದ್ದು. 1979ರ ಏಳನೇ ಆವೃತ್ತಿಯ ಯುನಿಕ್ಸ್ ಜೊತೆ ಅದು ಎಲ್ಲರ ಕೈಗೆ ಬಂತು. 1983ರಲ್ಲಿ ಹನಿಮನ್, ನೋವಿಟ್ಜ್, ರೆಡ್‌ಮನ್ ಎಂಬ ಮೂವರು ಅದನ್ನು ಹೊಸದಾಗಿ ಬರೆದರು. ಅದಕ್ಕೆ ಹನಿಡ್ಯಾನ್‌ಬರ್ ಅಂತ ಹೆಸರು. ಈ ವಿಷಯ ಯಾಕೆ ಹೇಳಿದೆ ಅಂದರೆ, ಎರಡರ ಫೈಲ್‌ಗಳ ಹೆಸರೂ ಬೇರೆ. ಹಳೆಯದರಲ್ಲಿ 'ಎಲ್-ಡಾಟ್-ಸಿಸ್', ಹೊಸದರಲ್ಲಿ 'ಸಿಸ್ಟಮ್ಸ್' (ಯಾರಿಗೆ, ಯಾವ ಹೊತ್ತಿಗೆ ಕರೆ), 'ಡಿವೈಸಸ್' (ಮೋಡೆಮ್ ಎಲ್ಲಿ ಸೇರಿದೆ), 'ಡಯಲರ್ಸ್' (ಮೋಡೆಮ್ ಜೊತೆ ಹೇಗೆ ಮಾತಾಡಬೇಕು), 'ಪರ್ಮಿಷನ್ಸ್' (ಯಾರಿಗೆ ಏನು ಅನುಮತಿ). ಒಂದರ ಪುಸ್ತಕ ಓದಿ ಇನ್ನೊಂದರಲ್ಲಿ ಫೈಲ್ ಹುಡುಕುತ್ತಾ ಕೂತವರನ್ನು ನೋಡಿದ್ದೇನೆ. ಎಸ್‌ಸಿಒದಲ್ಲಿ ಇರುವುದು ಹನಿಡ್ಯಾನ್‌ಬರ್.

ಮೊದಲು ಕೈಯಲ್ಲಿ ಮಾಡಿ

ಕರೆ ಹೋಗಲಿಲ್ಲ ಅಂದ ಕೂಡಲೇ ಸಿಸ್ಟಮ್ಸ್ ಫೈಲ್ ತೆರೆದು ತಿದ್ದುವುದು ಎಲ್ಲರೂ ಮಾಡುವ ತಪ್ಪು. ನಾನೂ ಮೊದಲ ರಾತ್ರಿ ಪೂರ್ತಿ ಅದನ್ನೇ ಮಾಡಿದೆ. ಯುಯುಸಿಪಿ ಏನು ಮಾಡುತ್ತದೋ ಅದನ್ನೆಲ್ಲ 'ಸಿಯು' ಆಜ್ಞೆಯಿಂದ ನೀವೇ ಕೂತು ಮಾಡಬಹುದು. ಮೋಡೆಮ್ ಜೊತೆ ಮಾತಾಡಿ, ನಂಬರ್ ತಿರುಗಿಸಿ, ಆ ಕಡೆಯ ಲಾಗಿನ್ ನೋಡಿ. ನಿಮ್ಮ ಕೈಯಲ್ಲಿ ಆಗದ್ದು ಯುಯುಸಿಪಿ ಕೈಯಲ್ಲೂ ಆಗುವುದಿಲ್ಲ.

ಸಿಯುಗೆ ಪೋರ್ಟಿನ, ಅಂದರೆ ಮೋಡೆಮ್ ಕೇಬಲ್ ಸೇರಿಸುವ ಕಿಂಡಿಯ, ಹೆಸರು ಕೊಟ್ಟು ಕೊನೆಗೆ 'ಡಿಐಆರ್' ಅಂತ ಹಾಕಿದರೆ ನೇರ ಮೋಡೆಮ್ ಹತ್ತಿರ ಹೋಗುತ್ತೀರಿ. ಡಿವೈಸಸ್ ಫೈಲ್‌ನಲ್ಲಿ 'ಡೈರೆಕ್ಟ್' ಅಂತ ಶುರುವಾಗುವ ಸಾಲು ಇರಬೇಕು. ಇಲ್ಲದಿದ್ದರೆ ಡಿವೈಸ್ ಇಲ್ಲ ಅಂತ ವಾಪಸ್ ಕಳಿಸುತ್ತದೆ. ಹೊರಗೆ ಬರಲು ಟಿಲ್ಡೆ, ಆಮೇಲೆ ಚುಕ್ಕಿ.

ಇಲ್ಲಿ ಎಸ್‌ಸಿಒದ ಒಂದು ತಂಟೆ ಇದೆ. ಒಂದೇ ಪೋರ್ಟಿಗೆ ಎರಡು ಹೆಸರು. ಟಿಟಿವೈ1ಎ, ಕೊನೆಯ 'ಎ' ಚಿಕ್ಕ ಅಕ್ಷರದಲ್ಲಿ ಇದ್ದರೆ ಮೋಡೆಮ್ ಕಂಟ್ರೋಲ್ ಇಲ್ಲ. ಅದೇ 'ಎ' ದೊಡ್ಡ ಅಕ್ಷರದಲ್ಲಿ ಇದ್ದರೆ ಮೋಡೆಮ್ ಕಂಟ್ರೋಲ್ ಇದೆ. ದೊಡ್ಡದು ಕ್ಯಾರಿಯರ್ ಸಿಗ್ನಲ್, ಅಂದರೆ ಆ ಕಡೆಯ ಮೋಡೆಮ್ ಸೇರಿದೆ ಎಂಬ ಗುರುತು, ಬರುವ ತನಕ ಬಾಗಿಲು ತೆರೆಯುವುದಿಲ್ಲ. ಕರೆ ಇನ್ನೂ ಮಾಡಿಲ್ಲ, ಕ್ಯಾರಿಯರ್ ಎಲ್ಲಿಂದ ಬರಬೇಕು? ಅದಕ್ಕೆ ಕೈಯಲ್ಲಿ ಪರೀಕ್ಷೆ ಮಾಡುವಾಗ ಚಿಕ್ಕದನ್ನೇ ಬಳಸಿ.

'ಎಟಿ' ಅಂತ ಹೊಡೆದು ಎಂಟರ್ ಒತ್ತಿ. 'ಓಕೆ' ಬರಬೇಕು. 1981ರಲ್ಲಿ ಹೇಯ್ಸ್ ಕಂಪನಿಯ ಸ್ಮಾರ್ಟ್‌ಮೋಡೆಮ್ ತಂದ ಭಾಷೆ ಇದು, ಆಮೇಲೆ ಎಲ್ಲ ಮೋಡೆಮ್‌ಗಳೂ ಕಲಿತವು. ಓಕೆ ಬರದಿದ್ದರೆ ಮೊದಲು ಸ್ಪೀಡ್ ನೋಡಿ, ಆಮೇಲೆ ಕೇಬಲ್ ನೋಡಿ. ಹೊಡೆದದ್ದು ಪರದೆ ಮೇಲೆ ಕಾಣುತ್ತಿದೆ, ಓಕೆ ಮಾತ್ರ ಇಲ್ಲ ಅಂದರೆ ಯಾರೋ 'ಕ್ಯು1' ಕೊಟ್ಟು ಮೋಡೆಮ್ ಬಾಯಿ ಕಟ್ಟಿದ್ದಾರೆ. 'ಎಟಿಕ್ಯು0' ಕೊಟ್ಟು ನೋಡಿ.

ಸುಮ್ನೆ ಕೂತ ಪೋರ್ಟನ್ನು ಬೇರೆ ಯಾರೋ ಹಿಡಿದಿದ್ದಾರೆ ಅಂತ ಹೇಳಿದರೆ ಸ್ಪೂಲ್ ಡೈರೆಕ್ಟರಿಯಲ್ಲಿ 'ಎಲ್‌ಸಿಕೆ' ಅಂತ ಶುರುವಾಗುವ ಬೀಗದ ಫೈಲ್ ನೋಡಿ. ಅದರೊಳಗೆ ಬೀಗ ಹಾಕಿದ ಪ್ರೋಸೆಸ್‌ನ, ಅಂದರೆ ಓಡುತ್ತಿರುವ ಪ್ರೋಗ್ರಾಂನ, ನಂಬರ್ ಇರುತ್ತದೆ. ಆ ಪ್ರೋಸೆಸ್ ಬದುಕಿದೆಯೇ ಅಂತ 'ಪಿಎಸ್' ಹಾಕಿ ನೋಡಿ. ಸತ್ತಿದ್ದರೆ ಬೀಗ ಅಳಿಸಿ. ನೋಡದೆ ಅಳಿಸಬೇಡಿ. ಒಂದೇ ಮೋಡೆಮ್‌ಗೆ ಇಬ್ಬರು ಒಟ್ಟಿಗೆ ಮಾತಾಡಿದರೆ ಇಬ್ಬರ ಮಾತೂ ಕೆಡುತ್ತದೆ.

ಡಯಲ್ ಆಗುತ್ತದೆ, ಸೇರುವುದಿಲ್ಲ

ಮೋಡೆಮ್ ಸ್ಪೀಕರ್ ಆನ್ ಮಾಡಿ ಕಿವಿಯಲ್ಲೇ ಕೇಳಿ. ಈ ಹಂತದಲ್ಲಿ ಯಾವ ಲಾಗ್ ಫೈಲೂ ಕಿವಿಯಷ್ಟು ಹೇಳುವುದಿಲ್ಲ.

ಟೊಯ್ ಟೊಯ್ ಅಂತ ನಂಬರ್ ಒತ್ತಿದ ಸದ್ದು ಬಂತು, ಆದರೂ ಡಯಲ್ ಟೋನ್ ಹಾಗೇ ಗುಂಯ್ ಅನ್ನುತ್ತಿದೆ. ಹಾಗಿದ್ದರೆ ನಿಮ್ಮ ಎಕ್ಸ್‌ಚೇಂಜ್‌ಗೆ ಟೋನ್ ಡಯಲಿಂಗ್ ಅರ್ಥವಾಗುತ್ತಿಲ್ಲ. 'ಎಟಿಡಿಟಿ' ಬಿಟ್ಟು 'ಎಟಿಡಿಪಿ' ಹಾಕಿ. ಹಳೇ ಎಕ್ಸ್‌ಚೇಂಜ್‌ಗಳಿಗೆ ಪಲ್ಸ್, ಅಂದರೆ ಕಟಕಟ ಡಯಲಿಂಗ್ ಮಾತ್ರ ಗೊತ್ತು. ಕೋಲಾರದ 08152 ಮತ್ತು ಮುಂದಿನ ನಂಬರ್ ಪೂರ್ತಿ ಪಲ್ಸ್‌ನಲ್ಲಿ ಹೋಗಲು ಸುಮಾರು ಹೊತ್ತು ಬೇಕು. ಸೊನ್ನೆಯೊಂದಕ್ಕೇ ಹತ್ತು ಕಟಕಟ.

ನಂಬರ್ ಹೋಯಿತು, ಆ ಕಡೆ ರಿಂಗ್ ಆಯಿತು, ಮೋಡೆಮ್ ಕೀರಲು ಶುರು ಮಾಡಿತು, ಅಷ್ಟರಲ್ಲಿ ನಮ್ಮದು 'ನೋ ಕ್ಯಾರಿಯರ್' ಅಂತ ಕೆಳಗಿಟ್ಟಿತು. ಇದು ಎಸ್7 ರಿಜಿಸ್ಟರ್ ಕೆಲಸ. ಕ್ಯಾರಿಯರ್‌ಗಾಗಿ ಎಷ್ಟು ಸೆಕೆಂಡ್ ಕಾಯಬೇಕು ಅಂತ ಅದರಲ್ಲಿ ಇರುತ್ತದೆ. ಎಷ್ಟೋ ಮೋಡೆಮ್‌ಗಳಲ್ಲಿ 30 ಇರುತ್ತದೆ. ಎಸ್‌ಟಿಡಿ ಕರೆಗೆ ಅದು ಸಾಲದು. ನಾನು 90 ಹಾಕುತ್ತಿದ್ದೆ. ಡಯಲರ್ಸ್ ಫೈಲ್‌ನಲ್ಲಿ ಕಾಯುವ ಹೊತ್ತೂ ಅದಕ್ಕೆ ಹೊಂದಬೇಕು.

ಆಫೀಸಿನ ಒಳಗಿನ ಇಂಟರ್‌ಕಾಂ ಮೂಲಕ ಲೈನ್ ತೆಗೆಯಬೇಕಿದ್ದರೆ ಮೊದಲ ಅಂಕಿ ಆದ ಮೇಲೆ ಸ್ವಲ್ಪ ನಿಲ್ಲಬೇಕು. ಮೋಡೆಮ್‌ಗೆ ಒಂದು ಕಾಮಾ ಅಂದರೆ ಸಾಮಾನ್ಯವಾಗಿ 2 ಸೆಕೆಂಡ್. ಸಿಸ್ಟಮ್ಸ್ ಫೈಲ್‌ನಲ್ಲಿ ಮಾತ್ರ ಕಾಮಾ ಬದಲು ಅಡ್ಡಗೆರೆ ಹಾಕಬೇಕು. ಡಯಲರ್ಸ್ ಅದನ್ನು ಕಾಮಾ ಮಾಡಿ ಕಳಿಸುತ್ತದೆ.

ಇನ್ನು ಪ್ಯಾರಲಲ್ ಫೋನ್. ಯಜಮಾನರ ಕೋಣೆಯಲ್ಲಿ ಅದೇ ಲೈನಿನ ಇನ್ನೊಂದು ಫೋನ್ ಇತ್ತು. ಮಳೆಗಾಲದ ಗೊರಗೊರಕ್ಕಿಂತ ಅದರಿಂದಲೇ ಜಾಸ್ತಿ ಕರೆ ಕಡಿದಿವೆ. ಯಾರೋ ಎತ್ತಿ ಹಲೋ ಅಂದರೆ ಮುಗಿಯಿತು. ಎರಡನೇ ರಾತ್ರಿ ನಾನೇ ಎತ್ತಿದೆ, ಮನೆಗೆ ಫೋನ್ ಮಾಡೋಣ ಅಂತ.

ಆ ಕಡೆಯ ಯಂತ್ರ ತನ್ನ ಜೊತೆ ತಾನೇ ಮಾತಾಡುವುದು

ಇದು ನೋಡಲು ತಮಾಷೆ, ಅನುಭವಿಸಲು ಅಲ್ಲ. ಕರೆ ಸ್ವೀಕರಿಸುವ ಯಂತ್ರದಲ್ಲಿ 'ಗೆಟ್ಟಿ' ಅಂತ ಒಂದು ಪ್ರೋಗ್ರಾಂ ಪೋರ್ಟ್ ಮೇಲೆ ಕಾಯುತ್ತಿರುತ್ತದೆ. ಯಾರಾದರೂ ಬಂದರೆ ಲಾಗಿನ್ ಅಂತ ಕೇಳುವುದು ಅದರ ಕೆಲಸ. ಅದನ್ನು ಚಿಕ್ಕ 'ಎ' ಪೋರ್ಟಿಗೆ ಕೂರಿಸಿದರೆ ಕ್ಯಾರಿಯರ್‌ಗೆ ಕಾಯುವುದೇ ಇಲ್ಲ. ಕೂಡಲೇ ಲಾಗಿನ್ ಅಂತ ಕೇಳುತ್ತದೆ. ಕೇಳಿದ್ದು ಯಾರನ್ನು? ಎದುರಿಗಿರುವ ಮೋಡೆಮ್‌ನ್ನು. ಮೋಡೆಮ್ ಬಂದ ಅಕ್ಷರಗಳನ್ನು ಹಾಗೇ ವಾಪಸ್ ತೋರಿಸುತ್ತದೆ. ಗೆಟ್ಟಿ ಅದನ್ನು ಯಾರೋ ಟೈಪ್ ಮಾಡಿದ ಹೆಸರು ಅಂದುಕೊಂಡು ಪಾಸ್‌ವರ್ಡ್ ಕೇಳುತ್ತದೆ. ಅದೂ ವಾಪಸ್ ಬರುತ್ತದೆ. ತಪ್ಪು ಪಾಸ್‌ವರ್ಡ್, ಮತ್ತೆ ಲಾಗಿನ್. ಇಡೀ ದಿನ ಇದೇ.

ಗುರುತು ಹಿಡಿಯುವುದು ಸುಲಭ. ಕರೆ ಇಲ್ಲದ ಹೊತ್ತಲ್ಲಿ ಮೋಡೆಮ್‌ನ ಎಸ್‌ಡಿ (ಕಳಿಸುವುದು), ಆರ್‌ಡಿ (ತೆಗೆದುಕೊಳ್ಳುವುದು) ದೀಪಗಳು ಪಟಪಟ ಅನ್ನುತ್ತಿದ್ದರೆ ಇದೇ ರೋಗ. ಕೋಲಾರದ ಹುಡುಗ ಫೋನಿನಲ್ಲಿ "ಸಾರ್, ಮೋಡೆಮ್ ಭಾರಿ ಕೆಲಸ ಮಾಡ್ತಿದೆ" ಅಂತ ಖುಷಿಯಿಂದ ಹೇಳಿದ್ದ.

ಮದ್ದು ಹೀಗೆ. ಚಿಕ್ಕ ಪೋರ್ಟನ್ನು 'ಡಿಸೇಬಲ್' ಮಾಡಿ, ದೊಡ್ಡದನ್ನು 'ಎನೇಬಲ್' ಮಾಡಿ. ಆ ಕಡೆಯ ಮೋಡೆಮ್‌ಗೆ ಇ0 ಮತ್ತು ಕ್ಯು1 ಕೊಟ್ಟು ಪ್ರತಿಧ್ವನಿ, ಉತ್ತರ ಎರಡನ್ನೂ ನಿಲ್ಲಿಸಿ. &ಸಿ1 ಕೊಟ್ಟರೆ ಕ್ಯಾರಿಯರ್ ನಿಜವಾಗಿ ಇದ್ದಾಗ ಮಾತ್ರ ಇದೆ ಅನ್ನುತ್ತದೆ. &ಡಿ2 ಕೊಟ್ಟರೆ ಯಂತ್ರ ಕೈಬಿಟ್ಟ ಕೂಡಲೇ ಫೋನ್ ಇಡುತ್ತದೆ. ಎಸ್0=1 ಕೊಟ್ಟರೆ ಮೊದಲ ರಿಂಗಿಗೇ ಎತ್ತುತ್ತದೆ. ಕೊನೆಗೆ &ಡಬ್ಲ್ಯು ಹಾಕಿ ಉಳಿಸಿ. ಇದನ್ನು ಮರೆತರೆ ಕರೆಂಟ್ ಹೋಗಿ ಬಂದ ಮೇಲೆ ಮತ್ತೆ ಮೊದಲಿಂದ. ಕರೆಂಟ್ ಹೋಗುವುದು ನಮ್ಮ ಕಡೆ ಹೊಸದಲ್ಲವಲ್ಲ. ಆ ಯಂತ್ರದಿಂದಲೇ ಹೊರಗೆ ಕರೆ ಮಾಡಬೇಕಿದ್ದರೆ, ಡಯಲರ್ಸ್ ಸಾಲಿನ ಶುರುವಲ್ಲಿ ಕ್ಯು0 ಸೇರಿಸಿ. ಇಲ್ಲದಿದ್ದರೆ ಮೋಡೆಮ್ ಮೌನವಾಗಿರುತ್ತದೆ, ಡಯಲರ್ ಕಾದು ಕಾದು ಕೈಚೆಲ್ಲುತ್ತದೆ.

ಲಾಗಿನ್, ಹೆಸರು

ಕೈಯಲ್ಲಿ ಲಾಗಿನ್ ತನಕ ಹೋದಿರಿ ಅಂದರೆ ಈಗ ಯುಯುಸಿಪಿಗೆ ಬಿಟ್ಟುಕೊಡಬಹುದು. 'ಯುಯುಟ್ರೈ' ಎಂಬ ಆಜ್ಞೆ ಕರೆಯನ್ನು ಶುರು ಮಾಡಿ ಒಳಗೆ ಆಗುವುದನ್ನೆಲ್ಲ ಪರದೆಯ ಮೇಲೆ ಹರಿಸುತ್ತದೆ. ಜೊತೆಗೆ ಮೈನಸ್ ಆರ್ ಹಾಕಿ. ಇಲ್ಲದಿದ್ದರೆ ಹಿಂದಿನ ಸಲ ಸೋತ ನೆನಪಿಟ್ಟುಕೊಂಡು ಇನ್ನೂ ಹೊತ್ತಾಗಿಲ್ಲ ಅಂತ ಕರೆಯನ್ನೇ ಮಾಡುವುದಿಲ್ಲ. ಸಿಸ್ಟಮ್ಸ್ ಸಾಲಿನಲ್ಲಿ ಸಮಯದ ಜಾಗವನ್ನೂ ನೋಡಿ. ನಮ್ಮದರಲ್ಲಿ ಕಾಲು ರೇಟಿನ ಹೊತ್ತು ಮಾತ್ರ ಬರೆದಿತ್ತು. ಮಧ್ಯಾಹ್ನ ಪರೀಕ್ಷೆಗೆ ಕೂತರೆ ತಪ್ಪು ಹೊತ್ತು ಅಂತ ಬೈಸಿಕೊಳ್ಳಬೇಕು.

ಲಾಗಿನ್‌ಗೆ ಕಾಯುವ ಸಾಲಿನಲ್ಲಿ ಪೂರ್ತಿ ಪದ ಬರೆಯಬೇಡಿ. ಮೊದಲ ಅಕ್ಷರ 'ಎಲ್' ಬಿಟ್ಟು 'ಓ ಜಿ ಐ ಎನ್' ಅಂತ ಬರೆಯಿರಿ. ಒಂದು ಕಡೆ ದೊಡ್ಡ ಎಲ್, ಇನ್ನೊಂದು ಕಡೆ ಚಿಕ್ಕ ಎಲ್. ಸೇರಿದ ತಕ್ಷಣದ ಗದ್ದಲದಲ್ಲಿ ಮೊದಲ ಅಕ್ಷರ ಬಿದ್ದು ಹೋಗುವುದೂ ಉಂಟು. ಬರದಿದ್ದರೆ ಒಂದು ಎಂಟರ್ ಹೊಡೆದು ಮತ್ತೆ ಕಾಯುವಂತೆ ನಡುವೆ ಸೇರಿಸಿಬಿಡಿ.

ಲಾಗಿನ್ ಆದ ಮೇಲೆ ಆ ಕಡೆಯಿಂದ 'ಎಸ್-ಹಿಯರ್' ಅಂತ, ಪಕ್ಕದಲ್ಲಿ ಅದರ ಹೆಸರು ಬರಬೇಕು. ನಾನು ಇಲ್ಲಿದ್ದೇನೆ ಅಂತ ಅರ್ಥ. ಅದು ಬರದೆ ಡಾಲರ್ ಚಿಹ್ನೆ ಬಂದರೆ ಆ ಖಾತೆಯ ಶೆಲ್, ಅಂದರೆ ಲಾಗಿನ್ ಆದ ಕೂಡಲೇ ಓಡುವ ಪ್ರೋಗ್ರಾಂ, ತಪ್ಪಾಗಿದೆ. ಪಾಸ್‌ವರ್ಡ್ ಫೈಲ್‌ನಲ್ಲಿ ಆ ಖಾತೆಗೆ ಶೆಲ್ ಜಾಗದಲ್ಲಿ ಯುಯುಸಿಪಿಯ ಫೈಲ್ ಸಾಗಿಸುವ ಪ್ರೋಗ್ರಾಂ 'ಯುಯುಸಿಕೊ' ಇರಬೇಕು.

ಆಮೇಲೆ ಹೆಸರಿನ ತಕರಾರು. ಹಳೇ ಯುಯುಸಿಪಿಗಳಲ್ಲಿ ಎಷ್ಟೋ ಯಂತ್ರದ ಹೆಸರಿನ ಮೊದಲ 7 ಅಕ್ಷರ ಮಾತ್ರ ನೋಡುತ್ತವೆ. ಇಂಗ್ಲಿಷ್‌ನಲ್ಲಿ ಬರೆದಾಗ ತುಮಕೂರಿಗೆ ಆಗಿನ ಸ್ಪೆಲ್ಲಿಂಗ್‌ನಲ್ಲಿ 6 ಅಕ್ಷರ, ಕೋಲಾರಕ್ಕೆ 5. ನಾವು ಬಚಾವ್. ಚಿಕ್ಕಬಳ್ಳಾಪುರದಲ್ಲಿ ಯಾರೋ ಊರಿನ ಪೂರ್ತಿ ಹೆಸರನ್ನು ಯಂತ್ರಕ್ಕೆ ಇಟ್ಟಿದ್ದರು. 14 ಅಕ್ಷರ. ಅದು ಕತ್ತರಿಸಿ 'ಚಿಕ್ಕಬ್' ಆಗುತ್ತಿತ್ತು. ಬೆಂಗಳೂರು ಪಕ್ಕದ ಚಿಕ್ಕಬಾಣಾವರದಲ್ಲಿ ಇನ್ನೊಂದು ಯಂತ್ರ ಬಂದಿದ್ದರೆ ಅದೂ 'ಚಿಕ್ಕಬ್' ಆಗುತ್ತಿತ್ತು, ಯಾರ ಮೇಲ್ ಯಾರಿಗೋ. ಹೆಸರು ಹೊಂದದಿದ್ದರೆ ಆ ಕಡೆಯವರು ನೀನು ಯಾರೋ ನನಗೆ ಗೊತ್ತಿಲ್ಲ ಅಂತ ನೇರವಾಗಿ ಹೇಳಿ ಫೋನ್ ಇಡುತ್ತಾರೆ.

ಚಿಕ್ಕದು ಹೋಗುತ್ತದೆ, ದೊಡ್ಡದು ನಿಲ್ಲುತ್ತದೆ

ಈಗ ನಮ್ಮ ನಿಜವಾದ ದೋಷ. ಮೇಲಿನದೆಲ್ಲ ಸರಿ ಮಾಡಿದ ಮೇಲೂ ಅದು ಹಾಗೇ ಇತ್ತು. ಕೈಯಲ್ಲಿ ಎಲ್ಲ ಸರಿ. ಲಾಗಿನ್ ಆಗುತ್ತದೆ, ಡೈರೆಕ್ಟರಿ ಪಟ್ಟಿ ಉದ್ದುದ್ದ ಬರುತ್ತದೆ, ಒಂದಕ್ಷರ ತಪ್ಪಿಲ್ಲ. ಚಿಕ್ಕ ಮೇಲ್ ಹೋಗುತ್ತದೆ. 300 ಕೆಬಿಯ ಕಂಪ್ರೆಸ್ ಮಾಡಿದ ಲೆಕ್ಕದ ಫೈಲ್ ಕೊಟ್ಟರೆ ನಿಲ್ಲುತ್ತದೆ. 9600ರಲ್ಲಿ ಸೆಕೆಂಡಿಗೆ 960 ಅಕ್ಷರ, ಅಂದರೆ ಐದಾರು ನಿಮಿಷದ ಕೆಲಸ. ಆದರೆ ಅರ್ಧ ಗಂಟೆಯಾದರೂ 'ಅಲಾರ್ಮ್', 'ಅಲಾರ್ಮ್' ಅಂತ ಬರುತ್ತಲೇ ಇರುತ್ತಿತ್ತು. ಅಂದರೆ ಕಳಿಸಿದ್ದಕ್ಕೆ ಉತ್ತರ ಬಂದಿಲ್ಲ, ಮತ್ತೆ ಕಳಿಸುತ್ತಿದ್ದೇನೆ.

ಲೈನ್ ಕೆಟ್ಟಿದೆ ಅಂತ ಎಲ್ಲರೂ ಹೇಳಿದರು. ನಾನೂ ನಂಬಿದ್ದೆ. ಮೂರನೇ ರಾತ್ರಿ ಒಂದು ವಿಷಯ ಕಣ್ಣಿಗೆ ಬಿತ್ತು. ಅದೇ ಫೈಲನ್ನು ನಾಲ್ಕು ಸಲ ಕಳಿಸಿದೆ. ನಾಲ್ಕು ಸಲವೂ ಅದೇ ಜಾಗದಲ್ಲಿ ನಿಂತಿತು. ಫೋನ್ ಲೈನಿನ ಗೊರಗೊರಕ್ಕೆ ಅಷ್ಟು ಶಿಸ್ತು ಎಲ್ಲಿಂದ ಬರಬೇಕು? ಲೈನ್ ಕೆಟ್ಟಿದ್ದರೆ ಒಂದೊಂದು ಸಲ ಒಂದೊಂದು ಜಾಗದಲ್ಲಿ ನಿಲ್ಲುತ್ತದೆ. ಒಂದೇ ಜಾಗದಲ್ಲಿ ನಿಂತರೆ ಫೈಲ್ ಒಳಗೆ ಇರುವ ಯಾವುದೋ ಅಕ್ಷರವನ್ನು ನಡುವೆ ಯಾರೋ ನುಂಗುತ್ತಿದ್ದಾರೆ.

ಯುಯುಸಿಪಿಯ 'ಜಿ' ಪ್ರೋಟೋಕಾಲ್ (ಎರಡು ಯಂತ್ರ ಮಾತಾಡುವ ಕ್ರಮ) ಫೈಲನ್ನು 64 ಬೈಟ್‌ಗಳ ಪ್ಯಾಕೆಟ್ ಮಾಡಿ ಕಳಿಸುತ್ತದೆ. ಪ್ರತಿ ಪ್ಯಾಕೆಟ್ ಮುಂದೆ 6 ಬೈಟ್‌ಗಳ ತಲೆಪಟ್ಟಿ, ಅದರೊಳಗೆ ಚೆಕ್‌ಸಮ್, ಅಂದರೆ ಪ್ಯಾಕೆಟ್ ಕೆಟ್ಟಿದೆಯೇ ಅಂತ ನೋಡುವ ಲೆಕ್ಕ. ಇದಕ್ಕೆ 8 ಬಿಟ್‌ನ ಎಲ್ಲ 256 ಬೈಟ್‌ಗಳೂ ಕೆಡದೆ ದಾಟಬೇಕು. ಈಗ ಎಕ್ಸಾನ್ (ಹೊರಡು), ಎಕ್ಸಾಫ್ (ನಿಲ್ಲು) ನೆನಪಿಸಿಕೊಳ್ಳಿ. ಕಂಟ್ರೋಲ್-ಎಸ್ ಒತ್ತಿದರೆ ಪರದೆ ನಿಲ್ಲುತ್ತದೆ, ಕಂಟ್ರೋಲ್-ಕ್ಯು ಒತ್ತಿದರೆ ಮುಂದುವರಿಯುತ್ತದೆ, ಅಲ್ವಾ? ಬೈಟ್ ಲೆಕ್ಕದಲ್ಲಿ 19 ಮತ್ತು 17. ಮೋಡೆಮ್‌ಗೂ ಇದೇ ಪಾಠ ಹೇಳಿಕೊಟ್ಟಿದ್ದರೆ, ಫೈಲ್ ಒಳಗಿನ 19ನ್ನು ಕಂಡ ಕೂಡಲೇ ಅದು ನಿಲ್ಲು ಅಂದರು ಅಂದುಕೊಳ್ಳುತ್ತದೆ. ಆ ಬೈಟನ್ನು ಆ ಕಡೆಗೆ ಕಳಿಸುವುದಿಲ್ಲ, ನುಂಗುತ್ತದೆ. ಆ ಕಡೆಯಿಂದ ಬಂದದ್ದನ್ನು ಯಂತ್ರಕ್ಕೆ ಕೊಡುವುದನ್ನೂ ನಿಲ್ಲಿಸುತ್ತದೆ. ಕೋಲಾರಕ್ಕೆ ಒಂದು ಬೈಟ್ ಕಮ್ಮಿ ಸಿಗುತ್ತದೆ, ಚೆಕ್‌ಸಮ್ ಹೊಂದುವುದಿಲ್ಲ, ಪ್ಯಾಕೆಟ್ ಬಿಸಾಕುತ್ತದೆ. ತುಮಕೂರು ಮತ್ತೆ ಕಳಿಸುತ್ತದೆ. ಮತ್ತೆ ಅದೇ ಪ್ಯಾಕೆಟ್, ಅದೇ 19, ಅದೇ ಬಾಯಿ.

ಚಿಕ್ಕ ಮೇಲ್ ಯಾಕೆ ದಾಟುತ್ತಿತ್ತು? ಬರೀ ಅಕ್ಷರಗಳ ಪಠ್ಯದಲ್ಲಿ 17, 19 ಬರುವುದಿಲ್ಲ. ತಲೆಪಟ್ಟಿಯಲ್ಲಿ ಎಲ್ಲೋ ಅಪರೂಪಕ್ಕೆ ಬರಬಹುದು. ಕಂಪ್ರೆಸ್ ಮಾಡಿದ ಫೈಲ್‌ನಲ್ಲಿ ಎಲ್ಲ ಬೈಟೂ ಹೆಚ್ಚುಕಮ್ಮಿ ಸಮಸಮ ಬರುತ್ತವೆ. 256ರಲ್ಲಿ 2 ಬೈಟ್ ವಿಷ, ಪ್ಯಾಕೆಟ್‌ನಲ್ಲಿ 64. ಸರಾಸರಿ ಎರಡು ಪ್ಯಾಕೆಟ್‌ಗೆ ಒಂದು ಏಟು. ಫೈಲ್ ಚಿಕ್ಕದಾಗಿ ಬೇಗ ಹೋಗಲಿ ಅಂತ ಕಂಪ್ರೆಸ್ ಮಾಡಿದ್ದೇ ಇಲ್ಲಿ ಮುಳುವಾಗಿತ್ತು.

ಖಾತ್ರಿ ಮಾಡಿಕೊಳ್ಳಲು ಎರಡು ಫೈಲ್ ಮಾಡಿದೆ. ಎರಡೂ 20 ಕೆಬಿ, ಎರಡರಲ್ಲೂ ಬರೀ ಅಂಕಿ. ಒಂದರ ನಟ್ಟನಡುವೆ ಒಂದೇ ಒಂದು ಕಂಟ್ರೋಲ್-ಎಸ್ ಸೇರಿಸಿದೆ. ಮೊದಲನೆಯದು ದಾಟಿತು. ಎರಡನೆಯದು ಸರಿಯಾಗಿ ಅರ್ಧಕ್ಕೆ ನಿಂತಿತು. ಇಂಥ ಅನುಮಾನ ನಿಮಗೂ ಬಂದರೆ ಇದಕ್ಕಿಂತ ಅಗ್ಗದ ಪರೀಕ್ಷೆ ಇಲ್ಲ.

ಯುಯುಸಿಕೊ ತನ್ನ ಪೋರ್ಟಿನಲ್ಲಿ ಎಕ್ಸಾನ್, ಎಕ್ಸಾಫ್ ಅನ್ನು ತಾನೇ ನಿಲ್ಲಿಸಿಕೊಳ್ಳುತ್ತದೆ. ಹಾಗಾಗಿ ಅನುಮಾನ ಮೋಡೆಮ್ ಮೇಲೆ. ಸೆಟ್ಟಿಂಗ್ ತೋರಿಸು ಅಂತ ಎಟಿ&ವಿ ಹಾಕಿದೆ. ನಮ್ಮ ಮೋಡೆಮ್‌ನಲ್ಲಿ &ಕೆ4 ಇತ್ತು. ಎಕ್ಸಾನ್, ಎಕ್ಸಾಫ್ ಅಂತ ಅದರ ಅರ್ಥ. &ಕೆ3 ಆಗಬೇಕು. ಅದರಲ್ಲಿ ನಿಲ್ಲು, ಹೊರಡು ಅಂತ ಹೇಳಲು ಆರ್‌ಟಿಎಸ್, ಸಿಟಿಎಸ್ ಎಂಬ ಬೇರೆ ಎರಡು ವೈರ್ ಇರುತ್ತವೆ, ಡೇಟಾ ಮುಟ್ಟುವುದಿಲ್ಲ. ಯಂತ್ರದ ಕಡೆ ಪೋರ್ಟಿನ ಸೆಟ್ಟಿಂಗ್ ಬದಲಿಸುವ ಆಜ್ಞೆ 'ಎಸ್‌ಟಿಟಿವೈ'ಯಲ್ಲೂ ಆರ್‌ಟಿಎಸ್‌ಫ್ಲೋ, ಸಿಟಿಎಸ್‌ಫ್ಲೋ ಆನ್ ಮಾಡಬೇಕು. ಮಾಡಿದೆ, &ಡಬ್ಲ್ಯು ಹಾಕಿ ಉಳಿಸಿದೆ, ಗೆದ್ದೆ ಅಂತ ಕುರ್ಚಿಗೆ ಒರಗಿದೆ.

ಈಗ ಏನೂ ಇಲ್ಲ. ಎಟಿ ಅಂದರೆ ಓಕೆಯೂ ಇಲ್ಲ.

ಆಗ ಕೇಬಲ್‌ನ ತಲೆ ಬಿಚ್ಚಿದೆ. 25 ಪಿನ್‌ನ ಕನೆಕ್ಟರ್. ಬೆಸೆದಿದ್ದದ್ದು ಐದೇ ವೈರ್. 2, 3, 7, 8, 20. ಕಳಿಸುವುದು, ತೆಗೆದುಕೊಳ್ಳುವುದು, ನೆಲ, ಕ್ಯಾರಿಯರ್, ಯಂತ್ರ ಸಿದ್ಧ ಅನ್ನುವ ಡಿಟಿಆರ್. ಆರ್‌ಟಿಎಸ್‌ನ 4, ಸಿಟಿಎಸ್‌ನ 5 ಖಾಲಿ. ಆಗ ಎಲ್ಲ ಅರ್ಥವಾಯಿತು. ಕೇಬಲ್ ಮಾಡಿದವರು ಎರಡು ವೈರ್ ಉಳಿಸಿದ್ದಾರೆ. ಆಮೇಲೆ ಮೋಡೆಮ್ ಇಟ್ಟವರು &ಕೆ3 ಹಾಕಿ ನೋಡಿದ್ದಾರೆ, ನನಗಾದ ಹಾಗೇ ಎಲ್ಲ ಸತ್ತಿದೆ. &ಕೆ4 ಹಾಕಿದ್ದಾರೆ, ಓಕೆ ಬಂದಿದೆ, ಲಾಗಿನ್ ಬಂದಿದೆ, ಬಿಲ್ ಕೊಟ್ಟು ಹೋಗಿದ್ದಾರೆ. ಕೈಯಲ್ಲಿ ನೋಡುವಾಗ ಎಲ್ಲ ಸರಿಯಿದ್ದದ್ದು ಇದಕ್ಕೇ.

ಸೋಲ್ಡರಿಂಗ್ ಐರನ್ ಕಾಯಲು ಐದು ನಿಮಿಷ. 4ಕ್ಕೆ 4, 5ಕ್ಕೆ 5, ಹೇಗೂ ಬಿಚ್ಚಿದ್ದೇನಲ್ಲ ಅಂತ ಮೋಡೆಮ್ ಸಿದ್ಧ ಅನ್ನುವ 6ಕ್ಕೂ 6. ಕಂಟ್ರೋಲ್-ಎಸ್ ಇಟ್ಟ ಫೈಲನ್ನು ಮತ್ತೆ ಕಳಿಸಿದೆ. ನಡುವಿನ ಜಾಗ ಬಂದಾಗ ಉಸಿರು ಹಿಡಿದು ದೀಪ ನೋಡುತ್ತಿದ್ದೆ. ಎಸ್‌ಡಿ ದೀಪ ಒಂದು ಚೂರೂ ತಡವರಿಸಲಿಲ್ಲ. ಆಮೇಲೆ ಲೆಕ್ಕದ ಫೈಲ್ ಹೋಯಿತು. ಆರು ನಿಮಿಷದೊಳಗೆ.

ಮುಂದಿನ ಶನಿವಾರ ಬೆಳಿಗ್ಗೆ ಬಸ್ ಹತ್ತಿ, ಮೆಜೆಸ್ಟಿಕ್‌ನಲ್ಲಿ ಬದಲಿಸಿ ಕೋಲಾರಕ್ಕೆ ಹೋದೆ. ಅಲ್ಲಿಂದ ದೊಡ್ಡ ಫೈಲ್ ಇನ್ನೂ ಯಾರೂ ಕಳಿಸಿರಲಿಲ್ಲ, ಹಾಗಾಗಿ ಯಾರೂ ದೂರಿರಲಿಲ್ಲ. ಮೋಡೆಮ್ ಹಿಂದಿನ ಕೇಬಲ್ ಬಿಚ್ಚಿದೆ. ಐದೇ ವೈರ್, ಅದೇ ಬಣ್ಣಗಳು, ಅದೇ ಕೈಯ ಬೆಸುಗೆ. ಐರನ್ ಚೀಲದಲ್ಲೇ ಇತ್ತು.